ಶಿಫ್ಟ್ ಬಿಟ್ಟದ್ದೋ, ಕೀಲಿಮಣೆ ಸತ್ತು ಎದ್ದದ್ದೋ: ಕಲ್ಸಂಕದ ಡಿಟಿಪಿ ಅಂಗಡಿಯ ಒಂದು ದುರಸ್ತಿ ದಾಖಲೆ

ಮಳೆಗಾಲದ ನಡುವಿನ ಆಟಿ ಎಂಬ ತುಳು ತಿಂಗಳಲ್ಲಿ ನಮ್ಮ ಕಡೆ ಮದುವೆ, ಗೃಹಪ್ರವೇಶಗಳಿಲ್ಲ. ತಿರುಗಾಟ ಮುಗಿಸುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳ ಕರಪತ್ರಗಳೂ ಇಲ್ಲ. ಆದ್ದರಿಂದ ಉಡುಪಿಯ ಕಲ್ಸಂಕದ ಬಳಿಯ ಪರಿಚಯದ ಡಿಟಿಪಿ ಅಂಗಡಿಯವರು ವರ್ಷವಿಡೀ ಸಹಿಸಿಕೊಂಡಿದ್ದ ಒಂದು ತೊಂದರೆಯನ್ನು ನನ್ನ ಮುಂದಿಡಲು ಈ ಬಿಡುವನ್ನೇ ಆರಿಸಿಕೊಂಡರು. ಅಲ್ಲಿ ಹದಿನೈದು ವರ್ಷಗಳಿಂದ ಅಕ್ಷರ ಜೋಡಿಸುತ್ತಿರುವ ಅಕ್ಕ ದುಂಡು ಪ್ಲಗ್ಗಿನ ಹಳೆಯ ಪಿಎಸ್/2 ಕೀಲಿಮಣೆಯನ್ನೇ ಬಳಸುತ್ತಾರೆ. ಅದರ ಕೀಲಿಗಳ ಆಳ ಹೊಸ ಯುಎಸ್‌ಬಿ ಕೀಲಿಮಣೆಗಳಲ್ಲಿ ಸಿಗುವುದಿಲ್ಲವೆಂಬುದು ಅವರ ದೂರು. ಯಂತ್ರದಲ್ಲಿ ಲಿನಕ್ಸ್ ಇದೆ, ಬೆರಳಚ್ಚು ಕ-ಗ-ಪ ಎಂಬ ಕನ್ನಡ ಕೀಲಿ ವಿನ್ಯಾಸದಲ್ಲಿ ನಡೆಯುತ್ತದೆ.

ತೊಂದರೆ ಮೂರು ರೂಪದಲ್ಲಿ ಕಾಣಿಸಿಕೊಳ್ಳುತ್ತಿತ್ತು. ಬೆರಳು ಎತ್ತಿದ ಮೇಲೂ ಒಂದು ಅಕ್ಷರ ಸಾಲುಗಟ್ಟಿ ಓಡುತ್ತಿತ್ತು. ಅದು ಎಫ್ ಕೀಲಿಯಾಗಿದ್ದರೆ ಪರದೆಯ ಮೇಲೆ ಹಲಂತದ ಕೊಂಡಿಗಳ ಸರಮಾಲೆಯೇ ಬೆಳೆಯುತ್ತಿತ್ತು. ಕೆಲವೊಮ್ಮೆ ಎರಡು ಮೂರು ಅಕ್ಷರಗಳು ಮೂಡುತ್ತಲೇ ಇರಲಿಲ್ಲ. ಅಪರೂಪಕ್ಕೊಮ್ಮೆ ನಮ್ ಲಾಕ್‌ನ ದೀಪ ಆರಿರುತ್ತಿತ್ತು, ಆದರೆ ಬಲಬದಿಯ ಕೀಲಿಗಳು ಅಂಕಿಗಳನ್ನೇ ಮೂಡಿಸುತ್ತಿದ್ದವು. ಮೂರನೆಯದನ್ನು ನಾನು ಮೊದಲು ಗಮನಕ್ಕೇ ತೆಗೆದುಕೊಳ್ಳಲಿಲ್ಲ. ಕೊನೆಗೆ ಎಲ್ಲವನ್ನೂ ಜೋಡಿಸಿಕೊಟ್ಟದ್ದು ಅದೇ.

ಮೊದಲ ದಿನ ಸುಲಭದ ಅನುಮಾನಗಳಿಗೆ ಹೋಯಿತು. ಕನ್ನಡ ವಿನ್ಯಾಸವನ್ನು ಬಿಟ್ಟು ಇಂಗ್ಲಿಷಿನಲ್ಲಿ ಹೊಡೆದರೂ ಅಕ್ಷರ ಓಡಿತು. ಪೇಟೆಯಿಂದ ತಂದ ಅಗ್ಗದ ಪಿಎಸ್/2-ಯುಎಸ್‌ಬಿ ಅಡಾಪ್ಟರ್ ಕೆಲಸವನ್ನೇ ಮಾಡಲಿಲ್ಲ. ಅಂತಹ ಅಡಾಪ್ಟರಿನೊಳಗೆ ತಂತಿಗಳಲ್ಲದೆ ಬೇರೇನೂ ಇರುವುದಿಲ್ಲ. ಪಿಎಸ್/2, ಯುಎಸ್‌ಬಿ ಎರಡರ ಭಾಷೆಯನ್ನೂ ಬಲ್ಲ ಕೀಲಿಮಣೆಗೆ ಮಾತ್ರ ಅದು ಹೊಂದುತ್ತದೆ, ಅಕ್ಕನ ಕೀಲಿಮಣೆಗೆ ಪಿಎಸ್/2 ಒಂದೇ ಗೊತ್ತು. ಒಳಗೆ ಚಿಪ್ ಇರುವ ಪರಿವರ್ತಕ ಬೇಕಿತ್ತು, ಆದರೆ ಅದನ್ನು ಹಾಕಿದ್ದರೆ ದೋಷದ ಮೂಲ ತಿಳಿಯದೆಯೇ ಉಳಿಯುತ್ತಿತ್ತು.

ಇಲ್ಲಿ ಪಿಎಸ್/2 ಮಾತಾಡುವ ರೀತಿಯನ್ನು ಸ್ವಲ್ಪ ಹೇಳಬೇಕು. ಐಬಿಎಂ 1987ರಲ್ಲಿ ತಂದ ಈ ಜೋಡಣೆಯಲ್ಲಿ ದತ್ತಾಂಶಕ್ಕೊಂದು, ಗಡಿಯಾರದ ಮಿಡಿತಕ್ಕೊಂದು, 5 ವೋಲ್ಟ್ ವಿದ್ಯುತ್ತಿಗೊಂದು, ನೆಲಕ್ಕೊಂದು (ಗ್ರೌಂಡ್) ಎಂದು ನಾಲ್ಕು ತಂತಿಗಳಷ್ಟೇ ಕೆಲಸ ಮಾಡುತ್ತವೆ. ಪ್ರತಿಯೊಂದು ಬೈಟ್ 11 ಬಿಟ್‌ಗಳ ಚೌಕಟ್ಟಿನಲ್ಲಿ ಬರುತ್ತದೆ: ಆರಂಭದ ಒಂದು ಸೊನ್ನೆ, ದತ್ತಾಂಶದ ಎಂಟು ಬಿಟ್, ಒಂದುಗಳ ಎಣಿಕೆ ಬೆಸವಾಗುವಂತೆ ಸೇರಿಸುವ ಪ್ಯಾರಿಟಿಯ ಒಂದು ಬಿಟ್, ಕೊನೆಗೆ ಅಂತ್ಯ ಸೂಚಿಸುವ 1. ಒಂದು ಬಿಟ್ ಕೆಟ್ಟರೆ ಪ್ಯಾರಿಟಿ ಅದನ್ನು ಹಿಡಿಯುತ್ತದೆ, ಎರಡು ಒಟ್ಟಿಗೆ ಕೆಟ್ಟರೆ ಹಿಡಿಯುವುದಿಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಯುಎಸ್‌ಬಿ ಕೀಲಿಮಣೆ ಪ್ರತಿ ವರದಿಯಲ್ಲೂ ಈಗ ಯಾವ ಯಾವ ಕೀಲಿಗಳು ಒತ್ತಿವೆ ಎಂಬ ಪೂರ್ತಿ ಚಿತ್ರವನ್ನು ಕೊಡುವುದರಿಂದ ಒಂದು ವರದಿ ಕಳೆದುಹೋದರೂ ಮುಂದಿನದು ಅದನ್ನು ಸರಿಪಡಿಸುತ್ತದೆ. ಪಿಎಸ್/2 ಹಾಗಲ್ಲ, ಅದು ಒತ್ತಿದಾಗ ಒಂದು ಸುದ್ದಿ (ಒತ್ತಿ ಹಿಡಿದರೆ ಅದನ್ನೇ ಮತ್ತೆ ಮತ್ತೆ), ಬಿಟ್ಟಾಗ ಒಂದೇ ಒಂದು ಸುದ್ದಿ ಕಳಿಸಿ ಸುಮ್ಮನಾಗುತ್ತದೆ, ಬಿಟ್ಟ ಸುದ್ದಿ ದಾರಿಯಲ್ಲಿ ಕಳೆದುಹೋದರೆ ಅದನ್ನು ಮತ್ತೆ ಹೇಳುವವರು ಯಾರೂ ಇಲ್ಲ. ಒತ್ತಿ ಹಿಡಿದ ಅಕ್ಷರವನ್ನು ಪುನರಾವರ್ತಿಸುವ ಕೆಲಸವನ್ನು ಚಿತ್ರಾತ್ಮಕ ವ್ಯವಸ್ಥೆ ತಾನೇ ಮಾಡಿಕೊಳ್ಳುವುದರಿಂದ, ಬಿಟ್ಟ ಸುದ್ದಿ ತಲುಪದಿದ್ದರೆ ಅದು ಅಕ್ಷರವನ್ನು ಓಡಿಸುತ್ತಲೇ ಇರುತ್ತದೆ.

ಹಾಗಾದರೆ ಬಿಟ್ಟ ಸುದ್ದಿ ಎಲ್ಲಿ ಕಳೆದುಹೋಗುತ್ತಿದೆ? ಲಿನಕ್ಸಿನಲ್ಲಿ ಈ ದಾರಿ ಎರಡು ಚಾಲಕಗಳ (ಡ್ರೈವರ್‌ಗಳ) ಮೂಲಕ ಸಾಗುತ್ತದೆ. ಕೆಳಗಿನದು ಐ8042, ಅದು ಕೀಲಿಮಣೆ ನಿಯಂತ್ರಕದ 60 ಮತ್ತು 64 ಎಂಬ ಹೆಕ್ಸಾಡೆಸಿಮಲ್ ವಿಳಾಸಗಳಿಂದ ದತ್ತಾಂಶವನ್ನೂ ಸ್ಥಿತಿಯನ್ನೂ ಓದುತ್ತದೆ. ಸ್ಥಿತಿಯ ಬೈಟಿನಲ್ಲಿ, ಸೊನ್ನೆಯಿಂದ ಎಣಿಸಿದರೆ, ಆರನೆಯ ಬಿಟ್ ಕಾಲಮಿತಿ ಮೀರಿದ್ದನ್ನೂ ಏಳನೆಯದು ಪ್ಯಾರಿಟಿ ತಪ್ಪಿದ್ದನ್ನೂ ಸೂಚಿಸುತ್ತದೆ. ಮೇಲಿನದು ಎಟಿಕೆಬಿಡಿ, ಬೈಟ್‌ಗಳನ್ನು ಕೀಲಿಗಳಾಗಿ ಅರ್ಥೈಸುವುದು ಅದರ ಕೆಲಸ. ನಾನು ಎಟಿಕೆಬಿಡಿಯ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ತೆರೆದಾಗ, ಪ್ಯಾರಿಟಿ ದೋಷ ಬಂದರೆ ಕೀಲಿಮಣೆಗೆ ಎಫ್‌ಇ ಎಂಬ ಬೈಟ್ ಕಳಿಸಿ ಮತ್ತೊಮ್ಮೆ ಹೇಳೆಂದು ಕೇಳುವ ಭಾಗ ಮೊದಲಿಗೇ ಕಣ್ಣಿಗೆ ಬಿತ್ತು. ಚಾಲಕ ತಾನೇ ಮರುಪ್ರಸಾರ ಕೇಳುತ್ತಿರುವಾಗ ಬೈಟ್ ಕಳೆಯುವುದು ಹೇಗೆಂದು ಒಂದು ಸಂಜೆಯಿಡೀ ತಲೆ ಕೆಡಿಸಿಕೊಂಡ ಮೇಲೆ, ಆ ಭಾಗದ ಮೇಲಿದ್ದ ಒಂದು ಸಾಲಿನ ಷರತ್ತು ಕಂಡಿತು: ಯಂತ್ರ ಎಕ್ಸ್86 ಜಾತಿಯದಲ್ಲದಿದ್ದರೆ ಮಾತ್ರ ಈ ಭಾಗ ಕಂಪೈಲ್ ಆಗುತ್ತದೆ, ಅಂದರೆ ಚಾಲಕದೊಳಗೆ ಸೇರುತ್ತದೆ. ಎಕ್ಸ್86 ಜಾತಿಯವೇ ಆದ ನಮ್ಮ ಸಾಮಾನ್ಯ ಪಿಸಿಗಳಲ್ಲಿ ಮರುಪ್ರಸಾರ ಕೇಳುವ ಹೊಣೆ ನಿಯಂತ್ರಕದ ಯಂತ್ರಾಂಶದ್ದು, ಚಾಲಕದ್ದಲ್ಲ. ಅಲ್ಲಿಯೂ ಕೈಗೂಡದಿದ್ದರೆ ಎಫ್‌ಎಫ್ ಎಂಬ ದೋಷದ ಬೈಟ್ ಮೇಲೆ ಬರುತ್ತದೆ. ಆಗ ಎಟಿಕೆಬಿಡಿ ಲಾಗ್‌ನಲ್ಲಿ, ಅಂದರೆ ಯಂತ್ರದ ದಿನಚರಿಯಲ್ಲಿ, ಏನನ್ನೂ ಬರೆಯದೆ ಒಂದು ಎಣಿಕೆಯನ್ನು ಹೆಚ್ಚಿಸಿ ಸುಮ್ಮನಾಗುತ್ತದೆ. ಲಿನಕ್ಸಿನ ತಿರುಳಾದ ಕರ್ನಲ್ ತನ್ನ ಒಳಸ್ಥಿತಿಯನ್ನು ಕಡತಗಳಾಗಿ ತೋರಿಸುವ ಸಿಸ್‌ಎಫ್‌ಎಸ್ ಮರದಲ್ಲಿ ಪ್ಲಾಟ್‌ಫಾರ್ಮ್, ಐ8042, ಸೀರಿಯೋ0 ಎಂದು ಇಳಿದು ಹೋದರೆ ಎರ್ರ್-ಕೌಂಟ್ ಎಂಬ ಹೆಸರಿನ ಕಡತದಲ್ಲಿ ಆ ಎಣಿಕೆ ಕಾಣುತ್ತದೆ. ಕೀಲಿಮಣೆಯ ತೊಂದರೆ ಹುಡುಕುವವರು ಮೊದಲು ನೋಡಬೇಕಾದ ಕಡತ ಇದು, ಆದರೆ ಇದನ್ನು ತೆರೆದು ನೋಡುವವರನ್ನು ನಾನು ಹೆಚ್ಚು ಕಂಡಿಲ್ಲ.

ಅಂಗಡಿಯ ಯಂತ್ರದಲ್ಲಿ ಮೂರು ದಿನಗಳ ಬಳಕೆಯ ನಂತರ ಆ ಎಣಿಕೆ ಕೇವಲ ಒಂದು ಇತ್ತು. ಅಕ್ಷರ ಓಡಿದ್ದು ಮಾತ್ರ ದಿನಕ್ಕೆ ಹತ್ತಕ್ಕೂ ಹೆಚ್ಚು ಬಾರಿ. ದತ್ತಾಂಶದ ತಂತಿಯಲ್ಲಿ ಗದ್ದಲವಿದ್ದರೆ ಎಣಿಕೆ ಏರಬೇಕಿತ್ತು. ಏರದೆ ಇರುವುದೇ ಒಂದು ಸುಳಿವೆಂದು ಆಗ ನನಗೆ ಹೊಳೆಯಲಿಲ್ಲ.

ಮುಂದಿನ ಹೆಜ್ಜೆಯಾಗಿ ಐ8042ರ ಡೀಬಗ್ ನಿಯತಾಂಕವನ್ನು ಚಾಲನೆಯಲ್ಲಿರುವಾಗಲೇ ಆನ್ ಮಾಡಿದೆ. ಇದರಿಂದ ನಿಯಂತ್ರಕದಿಂದ ಬರುವ, ಅದಕ್ಕೆ ಹೋಗುವ ಪ್ರತಿಯೊಂದು ಬೈಟ್ ಕರ್ನಲ್ ಲಾಗ್‌ನಲ್ಲಿ ದಾಖಲಾಗುತ್ತದೆ. ಕೀಲಿಮಣೆಯಿಂದ ಬರುವ ಬೈಟ್‌ಗಳ ಜಾಗದಲ್ಲಿ ಮಾತ್ರ ಎರಡು ನಕ್ಷತ್ರ ಚಿಹ್ನೆಗಳಿರುತ್ತವೆ, ಏಕೆಂದರೆ ಅವು ಹಾಗೆಯೇ ದಾಖಲಾದರೆ ಅಂಗಡಿಯವರ ಬ್ಯಾಂಕಿನ ಪಾಸ್‌ವರ್ಡ್ ಕೂಡ ಲಾಗ್‌ನಲ್ಲಿ ಕುಳಿತುಕೊಳ್ಳುತ್ತದೆ. ಮುಸುಕು ಹಾಕಿದ್ದರೂ ಪ್ಯಾರಿಟಿ ತಪ್ಪಿದ ಅಥವಾ ಕಾಲಮಿತಿ ಮೀರಿದ ಟಿಪ್ಪಣಿ ಆಯಾ ಸಾಲಿನ ಕೊನೆಯಲ್ಲಿ ಬರುತ್ತದೆ, ಚಾಲಕ ತಾನಾಗಿ ಕಳಿಸುವ ಆದೇಶಗಳೂ ಮುಸುಕಿಲ್ಲದೆ ಕಾಣುತ್ತವೆ. ಈ ಎರಡು ಸಂಗತಿಗಳಿಂದ ಮುಸುಕು ತೆಗೆಯದೆಯೇ ಬಹಳಷ್ಟು ದೂರ ಹೋಗಬಹುದೆಂಬುದು ನನ್ನ ಅನುಭವ.

ಇಲ್ಲಿ ಒಂದು ತಪ್ಪು ಮಾಡಿದೆ. ಒಂದೆರಡು ಸಾಲುಗಳಲ್ಲಿ ಕಾಲಮಿತಿಯ ಟಿಪ್ಪಣಿ ಕಂಡೊಡನೆ, ಐ8042ಕ್ಕೆ ನೋಟೈಮ್‌ಔಟ್ ಎಂಬ ನಿಯತಾಂಕ ಕೊಟ್ಟು ಯಂತ್ರವನ್ನು ಮರುಚಾಲನೆ ಮಾಡಿದೆ. ಟಿಪ್ಪಣಿಗಳು ಮಾಯವಾದವು, ಅಕ್ಷರ ಓಡುವುದು ನಿಲ್ಲಲಿಲ್ಲ. ಯೋಚಿಸಿದರೆ ಅದು ಸಹಜವೇ ಆಗಿತ್ತು: ಆ ನಿಯತಾಂಕ ಸ್ಥಿತಿಯ ಆರನೆಯ ಬಿಟ್ಟನ್ನು ಮೇಲಿನ ಚಾಲಕಕ್ಕೆ ಹೇಳಬೇಡವೆನ್ನುತ್ತದೆ ಅಷ್ಟೇ, ಪಿಸಿಯಲ್ಲಿ ಎಟಿಕೆಬಿಡಿ ಆ ಬಿಟ್ಟಿಗೆ ಕಿವಿಗೊಡುವ ಭಾಗವೇ ಕಂಪೈಲ್ ಆಗಿರುವುದಿಲ್ಲ. ನಾನು ಮಾಡಿದ್ದು ಬರೀ ಸಾಕ್ಷಿಯ ಬಾಯಿ ಮುಚ್ಚಿಸುವ ಕೆಲಸ. ನಿಯತಾಂಕವನ್ನು ಅದೇ ದಿನ ತೆಗೆದೆ.

ದಿಕ್ಕು ತೋರಿಸಿದವರು ಅಕ್ಕ. ನಾನು ಮತ್ತೆ ಮತ್ತೆ ಮರುಚಾಲನೆ ಮಾಡುವುದನ್ನು ನೋಡಿ ಬೇಸತ್ತು, "ಅಕ್ಷರ ಓಡುವ ಮೊದಲು ಆ ಮೂರೂ ಲೈಟು ಒಮ್ಮೆ ಮಿಣುಕ್ ಅನ್ನುತ್ತದೆ ಮಾರಾಯ, ಕಂಪ್ಯೂಟರ್ ಆನ್ ಮಾಡುವಾಗ ಆಗುತ್ತದಲ್ಲ, ಹಾಗೆ" ಎಂದರು. ಇದನ್ನು ಮೊದಲೇ ಹೇಳಬಾರದಿತ್ತೇ ಅಕ್ಕ ಎಂದರೆ, "ನೀನು ಕೇಳಿದ್ದು ಅಕ್ಷರದ್ದು, ಲೈಟಿನದ್ದಲ್ಲ" ಎಂಬ ಉತ್ತರ ಬಂತು.

ಮೂರೂ ದೀಪಗಳು ಒಮ್ಮೆಲೇ ಮಿನುಗುವುದು ಕೀಲಿಮಣೆಗೆ ಹೊಸದಾಗಿ ವಿದ್ಯುತ್ ಸಿಕ್ಕಾಗ. ಆಗ ಅದು ಅರ್ಧ ಸೆಕೆಂಡಿಗೂ ಸ್ವಲ್ಪ ಹೆಚ್ಚು ಕಾಲ ಸ್ವಪರೀಕ್ಷೆ ನಡೆಸಿ, ಎಲ್ಲ ಸರಿಯಿದ್ದರೆ ಎಎ ಎಂಬ ಬೈಟನ್ನು, ದಶಮಾನದಲ್ಲಿ ಹೇಳುವುದಾದರೆ 170 ಅನ್ನು ಕಳಿಸುತ್ತದೆ. ಎಟಿಕೆಬಿಡಿ ಈ ಬೈಟನ್ನು ಕಂಡರೆ ಯಾರೋ ಕೀಲಿಮಣೆ ಬದಲಿಸಿದ್ದಾರೆಂದು ಭಾವಿಸಿ, ಬರುವ ಬೈಟ್‌ಗಳನ್ನು ಕೀಲಿಗಳಾಗಿ ಓದುವುದನ್ನು ನಿಲ್ಲಿಸಿ, ಮರುಸಂಪರ್ಕದ ಕೆಲಸಕ್ಕೆ ತೊಡಗುತ್ತದೆ: ನೀನು ಯಾರೆಂದು ಎಫ್2 ಆದೇಶದಿಂದ ಕೇಳುತ್ತದೆ, ದೀಪಗಳನ್ನು ಮೊದಲಿನಂತೆ ಹಚ್ಚುತ್ತದೆ, ಮತ್ತೆ ಕೆಲಸ ಆರಂಭಿಸೆನ್ನುತ್ತದೆ. ಎಲ್ಲವೂ ಸಾಂಗವಾಗಿ ನಡೆದರೆ, ಡೀಬಗ್ ಆನ್ ಮಾಡದ ಸಾಮಾನ್ಯ ಲಾಗ್‌ನಲ್ಲಿ ಒಂದು ಸಾಲೂ ಬರುವುದಿಲ್ಲ. ಸ್ವಪರೀಕ್ಷೆಯ ಹೊತ್ತಿನಲ್ಲಿ ಒತ್ತಿದ ಕೀಲಿಗಳು ಕಳೆದುಹೋಗುತ್ತವೆ. ವಿದ್ಯುತ್ ತಪ್ಪುವ ಕ್ಷಣದಲ್ಲಿ ಒತ್ತಿದ್ದ ಕೀಲಿಯನ್ನು ಕೀಲಿಮಣೆ ಮರೆತೇಬಿಡುವುದರಿಂದ ಅದು ಬಿಟ್ಟ ಸುದ್ದಿಯನ್ನು ಎಂದಿಗೂ ಕಳಿಸುವುದಿಲ್ಲ. ಮೊದಲ ಎರಡು ರೂಪದ ತೊಂದರೆಗಳೂ ಇಲ್ಲಿಗೆ ಬಂದು ಸೇರಿದವು.

ಮುಸುಕು ಹಾಕಿದ ಲಾಗನ್ನು ಎಫ್2 ಆದೇಶಕ್ಕಾಗಿ ಶೋಧಿಸಿದೆ. ಯಂತ್ರ ಆರಂಭವಾಗುವಾಗ ಒಮ್ಮೆ ಮಾತ್ರ ಇರಬೇಕಾದದ್ದು ಆ ದಿನದ ಲಾಗ್‌ನಲ್ಲಿ ಒಂಬತ್ತು ಬಾರಿ ಇತ್ತು.

ಆದರೆ ತೀರ್ಮಾನಕ್ಕೆ ಮೊದಲು ಇನ್ನೊಂದು ತೊಡಕು ಬಿಡಿಸಬೇಕಿತ್ತು. ಪಿಸಿಯ ನಿಯಂತ್ರಕ ಕೀಲಿಮಣೆಯ ಎರಡನೆಯ ಸಂಕೇತಗಣವನ್ನು (ಯಾವ ಕೀಲಿಗೆ ಯಾವ ಬೈಟ್ ಎಂಬ ಪಟ್ಟಿಯನ್ನು) ಹಳೆಯ ಮೊದಲನೆಯ ಗಣಕ್ಕೆ ಅನುವಾದಿಸಿ ಕೊಡುತ್ತದೆ. ಆ ಗಣದಲ್ಲಿ ಎಡ ಶಿಫ್ಟ್ ಒತ್ತಿದರೆ 2ಎ, ಬಿಟ್ಟರೆ ಮೇಲಿನ ಬಿಟ್ ಸೇರಿ ಎಎ. ಅಂದರೆ "ಎಡ ಶಿಫ್ಟ್ ಬಿಟ್ಟೆ" ಎಂಬುದಕ್ಕೂ "ಈಗಷ್ಟೇ ಎದ್ದೆ, ಆರೋಗ್ಯವಾಗಿದ್ದೇನೆ" ಎಂಬುದಕ್ಕೂ ಒಂದೇ ಬೈಟ್! ಎಟಿಕೆಬಿಡಿ ಇದನ್ನು ಬಗೆಹರಿಸುವ ರೀತಿ ಸರಳವಾಗಿದೆ: ಹಿಂದೆ 2ಎ ಬಂದಿತ್ತೇ ಎಂಬ ಗುರುತನ್ನು ಒಂದು ಬಿಟ್‌ನಲ್ಲಿ ಇಟ್ಟುಕೊಂಡಿರುತ್ತದೆ, ಬಂದಿದ್ದರೆ ಎಎ ಎಂದರೆ ಶಿಫ್ಟ್ ಬಿಟ್ಟದ್ದು, ಬಾರದಿದ್ದರೆ ಕೀಲಿಮಣೆ ಎದ್ದದ್ದು. ಈ ತರ್ಕಕ್ಕೆ ಎರಡು ಕಡೆಯಿಂದಲೂ ಮೋಸವಾಗಬಹುದು. ಶಿಫ್ಟ್ ಒತ್ತಿದ ಬೈಟ್ ದಾರಿಯಲ್ಲಿ ಕಳೆದರೆ, ಬಿಟ್ಟ ಬೈಟನ್ನು ಚಾಲಕ ಕೀಲಿಮಣೆಯ ಮರುಹುಟ್ಟೆಂದು ತಿಳಿದು ಅನಗತ್ಯ ಮರುಸಂಪರ್ಕ ನಡೆಸುತ್ತದೆ. ಶಿಫ್ಟ್ ಒತ್ತಿರುವಾಗಲೇ ವಿದ್ಯುತ್ ತಪ್ಪಿದರೆ, ನಿಜವಾದ ಮರುಹುಟ್ಟನ್ನು ಶಿಫ್ಟ್ ಬಿಟ್ಟದ್ದೆಂದು ತಿಳಿದು ಮರುಸಂಪರ್ಕವನ್ನೇ ನಡೆಸುವುದಿಲ್ಲ. ಕ-ಗ-ಪ ವಿನ್ಯಾಸದಲ್ಲಿ ಇದು ಬರಿಯ ಊಹೆಯ ಮಾತಲ್ಲ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ರೂಪಿಸಿದ ಈ ವಿನ್ಯಾಸ ಮಹಾಪ್ರಾಣಗಳನ್ನು ಅಲ್ಪಪ್ರಾಣದ ಕೀಲಿಯಲ್ಲೇ ಶಿಫ್ಟ್ ಜೊತೆಗೆ ಇಟ್ಟು ಕನ್ನಡವನ್ನು ಮೂವತ್ತಕ್ಕೂ ಕಡಿಮೆ ಕೀಲಿಗಳಲ್ಲಿ ಹಿಡಿಸಿದೆ. ಅದರಿಂದಾಗಿ ಒಂದು ಆಮಂತ್ರಣ ಪತ್ರಿಕೆ ಮುಗಿಯುವಷ್ಟರಲ್ಲಿ ಅಕ್ಕನ ಕಿರುಬೆರಳು ಎಡ ಶಿಫ್ಟನ್ನು ಅದೆಷ್ಟೋ ಬಾರಿ ಮುಟ್ಟಿರುತ್ತದೆ.

ಹಾಗಾಗಿ ಒಂಬತ್ತು ಎಫ್2ಗಳು ಮೊದಲ ಬಗೆಯ ಮೋಸದಿಂದ ಬಂದವೋ ನಿಜವಾದ ಮರುಹುಟ್ಟಿನಿಂದಲೋ ಎಂಬುದನ್ನು ತಿಳಿಯಲು ಮುಸುಕು ತೆಗೆಯಲೇಬೇಕಾಯಿತು. ಅಂತರಜಾಲದ ತಂತಿಯನ್ನು ಕಿತ್ತು, ಯಾವ ಪಾಸ್‌ವರ್ಡನ್ನೂ ಹೊಡೆಯಬಾರದೆಂದು ಹೇಳಿ, ಹಳೆಯ ಕರಪತ್ರವೊಂದನ್ನು ಮತ್ತೆ ಜೋಡಿಸಲು ಅಕ್ಕನಿಗೆ ಕೊಟ್ಟೆ. ಒಂದು ಗಂಟೆಯ ಲಾಗ್‌ನಲ್ಲಿ ಪ್ರತಿ ಎಎ ಬೈಟಿನ ಹಿಂದೆ ಜೋಡಿಯಾಗಿ 2ಎ ಇದೆಯೇ, ಅದಕ್ಕೆ ಮೊದಲು ಎಷ್ಟು ಹೊತ್ತು ಮೌನವಿತ್ತು ಎಂಬುದನ್ನು ಸಣ್ಣ ಪೈಥಾನ್ ಪ್ರೋಗ್ರಾಮೊಂದರಿಂದ ಎಣಿಸಿ, ಆ ಕೂಡಲೇ ಲಾಗನ್ನು ಅಳಿಸಿದೆ. ಜೋಡಿಯಿಲ್ಲದ ಎಎ ನಾಲ್ಕು ಇದ್ದವು, ನಾಲ್ಕರ ಹಿಂದೆಯೂ ಅರ್ಧ ಸೆಕೆಂಡಿಗೆ ಮೀರಿದ ಮೌನವಿತ್ತು. ಎಡೆಬಿಡದೆ ಬೆರಳಚ್ಚು ಮಾಡುವವರ ಕೈಯಲ್ಲಿ ಅಷ್ಟು ದೀರ್ಘ ಮೌನ ನಾಲ್ಕೂ ಬಾರಿ ಸರಿಯಾಗಿ ಎಎ ಮುಂದೆಯೇ ಬರುವುದು ಸ್ವಪರೀಕ್ಷೆಯಿಂದಲ್ಲದೆ ಸಾಧ್ಯವಿಲ್ಲ. ಐದನೆಯದೊಂದಕ್ಕೆ ಜೋಡಿ ಇತ್ತು, ಆದರೂ ಅದೇ ಅಳತೆಯ ಮೌನವೂ ಇತ್ತು, ಅದರ ನಂತರ ಎಫ್2 ಇರಲಿಲ್ಲ. ಶಿಫ್ಟ್ ಒತ್ತಿದ್ದಾಗ ಕೀಲಿಮಣೆ ಸತ್ತು ಎದ್ದಿದೆ, ಚಾಲಕಕ್ಕೆ ಅದು ಗೊತ್ತೇ ಆಗಿಲ್ಲ, ಆದ್ದರಿಂದ ದೀಪಗಳನ್ನು ಮರಳಿ ಹಚ್ಚಿಲ್ಲ. ಅಕ್ಕನನ್ನು ಕೇಳಿದರೆ ನಮ್ ಲಾಕ್‌ನ ದೀಪ ಆಗ ಆರಿಯೇ ಇತ್ತು.

ದೋಷ ವಿದ್ಯುತ್ತಿನದೆಂದು ಖಚಿತವಾದ ಮೇಲೆ ಲಾಗನ್ನು ಬಿಟ್ಟು ಮಲ್ಟಿಮೀಟರ್ ಹಿಡಿದೆ. ಕೀಲಿಮಣೆಯ ತಳ ಬಿಚ್ಚಿ, ಅದರ ಫಲಕದಲ್ಲಿ ತಂತಿ ಬೆಸೆದ ಜಾಗಕ್ಕೆ ಮೀಟರಿನ ಮೊನೆಗಳನ್ನು ಇಟ್ಟಾಗ 4.3 ವೋಲ್ಟ್ ಕಂಡಿತು. ಯಂತ್ರದ ಯುಎಸ್‌ಬಿ ತುದಿಯಲ್ಲಿ ಅದೇ ಹೊತ್ತಿನಲ್ಲಿ 5.0 ಇತ್ತು. ಮೂರೂ ದೀಪ ಹಚ್ಚಿದರೆ 4.1ಕ್ಕೆ ಇಳಿಯಿತು. ಮೇಜಿನ ಹಿಂದಿನ ತಂತಿಯನ್ನು ಬೆರಳಿನಿಂದ ಸ್ವಲ್ಪ ಅಲುಗಿಸಿದೊಡನೆ ಮೀಟರಿನ ಅಂಕಿ ತೂರಾಡಿತು, ದೀಪಗಳು ಮಿನುಗಿದವು.

ಮೇಜಿನ ಹಿಂದೆ ಏನಿದೆಯೆಂದು ಬಗ್ಗಿ ನೋಡಿದಾಗ ಇಡೀ ಕತೆ ತೆರೆದುಕೊಂಡಿತು. 2020ರ ಸೆಪ್ಟೆಂಬರಿನ ನೆರೆಯಲ್ಲಿ ಕಲ್ಸಂಕದ ಸುತ್ತಮುತ್ತ ನೀರು ನುಗ್ಗಿದ ಮೇಲೆ ಅಂಗಡಿಯವರು ಸಿಪಿಯು ಪೆಟ್ಟಿಗೆಯನ್ನು ನೆಲದಿಂದ ಎತ್ತಿ ಗೋಡೆಯ ಕಪಾಟಿನ ಮೇಲಿಟ್ಟಿದ್ದರು. ಕೀಲಿಮಣೆಯ ತಂತಿ ಅಲ್ಲಿಗೆ ಎಟುಕದೆ ಒಂದು ಪಿಎಸ್/2 ಎಕ್ಸ್‌ಟೆನ್ಶನ್ ತಂತಿ ಸೇರಿಸಿದ್ದರು. ಎರಡು ತಂತಿಗಳ ಸಂದು ಮಳೆಗಾಲದಲ್ಲಿ ಸದಾ ಒಸರುವ ಗೋಡೆಗೆ ತಾಗಿ ನೇತಾಡುತ್ತಿತ್ತು. ಮಲ್ಪೆಯ ಕಡಲು ಇಲ್ಲಿಂದ ದೂರವಿಲ್ಲ. ಉಪ್ಪುಗಾಳಿಗೂ ತೇವಕ್ಕೂ ಸಿಕ್ಕಿದ ಸಂದಿನ ಒಳಭಾಗ ಪಾಚಿಗಟ್ಟಿದ ಬಾವಿಕಟ್ಟೆಯ ಬಣ್ಣಕ್ಕೆ ತಿರುಗಿತ್ತು. 5 ವೋಲ್ಟಿನ ನಾಲ್ಕನೆಯ ಪಿನ್ ಎಲ್ಲಕ್ಕಿಂತ ಹೆಚ್ಚು ಹಸಿರಾಗಿತ್ತು. ದತ್ತಾಂಶ, ಗಡಿಯಾರದ ಪಿನ್‌ಗಳು ಇನ್ನೂ ಮಾತಾಡುವ ಸ್ಥಿತಿಯಲ್ಲಿದ್ದವು. ಎರ್ರ್-ಕೌಂಟ್ ಏರದೆ ಉಳಿದದ್ದು ಅದರಿಂದಲೇ.

ತಂತಿ ಬದಲಿಸುವ ಮುನ್ನ, ಅದು ಕೆಟ್ಟಿರುವಾಗಲೇ ಚಾಲಕದಲ್ಲಿ ಒಂದು ಪ್ರಯೋಗ ಮಾಡಿ ನೋಡುವ ಆಸೆ ತಡೆಯಲಾಗಲಿಲ್ಲ. ಈ ಯಂತ್ರದ ಕರ್ನಲ್‌ನಲ್ಲಿ ಎಟಿಕೆಬಿಡಿ ಪ್ರತ್ಯೇಕವಾಗಿ ಏರಿಸಿ ಇಳಿಸಬಹುದಾದ ಮಾಡ್ಯೂಲ್ ಆಗಿದ್ದುದರಿಂದ, ಇಡೀ ಕರ್ನಲ್ ಕಟ್ಟದೆ ಅದೊಂದನ್ನೇ ಬದಲಿಸಿ ಕಂಪೈಲ್ ಮಾಡಿದೆ. ಮರುಸಂಪರ್ಕದ ಕಾರ್ಯದಲ್ಲಿ ಎರಡು ಸಾಲು ಸೇರಿಸಿದೆ: ಒಂದು, ಮರುಸಂಪರ್ಕವಾಯಿತೆಂದು ಲಾಗ್‌ನಲ್ಲಿ ಎಚ್ಚರಿಕೆ ಬರೆಯುವುದು, ಇನ್ನೊಂದು, ಇನ್‌ಪುಟ್ ಉಪವ್ಯವಸ್ಥೆಯ ಇನ್‌ಪುಟ್-ರೀಸೆಟ್-ಡಿವೈಸ್ ಎಂಬ ಕಾರ್ಯವನ್ನು ಕರೆದು, ಒತ್ತಿವೆಯೆಂದು ದಾಖಲಾಗಿರುವ ಎಲ್ಲ ಕೀಲಿಗಳನ್ನೂ ಬಿಡಿಸುವುದು. ಎರಡನೆಯದನ್ನು ಎಎ ಬೈಟ್ ಬಂದ ಜಾಗದಲ್ಲೇ ಕರೆಯಲು ಬರುವುದಿಲ್ಲ. ಅದು ಇಂಟರಪ್ಟಿನ, ಅಂದರೆ ನಡೆಯುತ್ತಿರುವ ಕೆಲಸವನ್ನು ತಡೆದು ಓಡುವ ಸಂಕೇತದ ಸಂದರ್ಭ, ಅಲ್ಲಿ ಮ್ಯೂಟೆಕ್ಸ್ ಎಂಬ ಬೀಗಕ್ಕಾಗಿ ಕಾಯುವಂತಿಲ್ಲ. ಮರುಸಂಪರ್ಕ ಬೇರೆ ಕೆಲಸಗಾರ ಎಳೆಯಲ್ಲಿ ನಡೆಯುವುದರಿಂದ ಅಲ್ಲಿ ಆ ತೊಡಕಿಲ್ಲ. ಹಳೆಯ ಮಾಡ್ಯೂಲನ್ನು ಇಳಿಸಿದೊಡನೆ ಕೀಲಿಮಣೆ ಸ್ತಬ್ಧವಾಗುವುದರಿಂದ ಇನ್ನೊಂದು ಯಂತ್ರದಿಂದ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ಈ ಕೆಲಸ ಮಾಡಬೇಕು. ಇದನ್ನು ಮೊದಲ ಸಲ ಮರೆತು ಯಂತ್ರದ ಗುಂಡಿಯನ್ನೇ ಒತ್ತಿ ಆರಿಸಬೇಕಾಯಿತು. ಹೊಸ ಮಾಡ್ಯೂಲಿನೊಂದಿಗೆ ತಂತಿಯನ್ನು ಅಲುಗಿಸಿದಾಗ ಅಕ್ಷರ ಒಂದು ಸೆಕೆಂಡಿನೊಳಗೆ ಓಟ ನಿಲ್ಲಿಸಿತು, ಲಾಗ್‌ನಲ್ಲಿ ಎಚ್ಚರಿಕೆಯೂ ಬಂತು. ಸ್ವಪರೀಕ್ಷೆಯ ಹೊತ್ತಿನಲ್ಲಿ ನುಂಗಿಹೋದ ಅಕ್ಷರಗಳನ್ನು ಯಾವ ಚಾಲಕವೂ ಮರಳಿ ತರಲಾರದು, ಶಿಫ್ಟ್ ಒತ್ತಿದ್ದಾಗ ಆಗುವ ಮರುಹುಟ್ಟು ಮೊದಲಿನಂತೆಯೇ ಗುಪ್ತವಾಗಿ ಉಳಿಯಿತು.

ಈ ಬದಲಾವಣೆಯನ್ನು ಅಂಗಡಿಯಲ್ಲಿ ಉಳಿಸಬೇಕೇ ಎಂಬ ಪ್ರಶ್ನೆಗೆ ಬೇಡವೆಂದೇ ತೀರ್ಮಾನಿಸಿದೆ. ಮುಂದಿನ ಕರ್ನಲ್ ನವೀಕರಣದಲ್ಲಿ ಅದು ಹೇಗೂ ಹೋಗುತ್ತದೆ. ಉಳಿದಷ್ಟು ದಿನ ಸಂದಿನ ಹಸಿರು ಬೆಳೆಯುತ್ತಿದ್ದರೂ ಅಕ್ಷರ ಓಡದಿರುವುದರಿಂದ ಯಾರಿಗೂ ತಿಳಿಯುವುದಿಲ್ಲ. ಎಚ್ಚರಿಕೆಯ ಸಾಲನ್ನು ಮಾತ್ರ ಇಡಬಹುದಿತ್ತು, ಆದರೆ ಅಂಗಡಿಯಲ್ಲಿ ಲಾಗ್ ಓದುವವರು ಯಾರಿದ್ದಾರೆ?

ದುರಸ್ತಿಗೆ ಹಿಡಿದದ್ದು ಇಪ್ಪತ್ತು ನಿಮಿಷ. ಯಂತ್ರವನ್ನು ಪೂರ್ತಿ ಆರಿಸಿದೆ. ಪಿಎಸ್/2 ತಂತಿಯನ್ನು ವಿದ್ಯುತ್ ಇರುವಾಗಲೇ ಕಿತ್ತು ಸಿಕ್ಕಿಸಿದರೆ ಮದರ್‌ಬೋರ್ಡಿನ ಫ್ಯೂಸ್ ಸುಡುವ ಅಪಾಯವಿದೆ. ಎಕ್ಸ್‌ಟೆನ್ಶನ್ ತಂತಿಯನ್ನು ತೆಗೆದು ಎಸೆದೆವು. ಕೀಲಿಮಣೆಯ ಪ್ಲಗ್ಗಿನ ಪಿನ್‌ಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒಣಗಲು ಬಿಟ್ಟು, ನೇರವಾಗಿ ಯಂತ್ರಕ್ಕೆ ಸಿಕ್ಕಿಸಿದೆ. ತಂತಿ ಎಟುಕಲು ಕಪಾಟನ್ನು ಒಂದು ಅಡಿ ಕೆಳಗಿಳಿಸಿ ಮೊಳೆ ಹೊಡೆಯಬೇಕಾಯಿತು. ನೆರೆಯ ನೀರು ಬಂದ ಗುರುತಿಗಿಂತ ಅದು ಇನ್ನೂ ಎರಡು ಅಡಿ ಎತ್ತರದಲ್ಲಿದೆಯೆಂದು ಅಂಗಡಿಯವರು ತಾವೇ ಅಳೆದು ನೋಡಿದ ಮೇಲೆಯೇ ಒಪ್ಪಿದರು. ಕೀಲಿಮಣೆಯ ಫಲಕದಲ್ಲಿ ಈಗ 4.95 ವೋಲ್ಟ್ ಇದೆ, ಮೂರೂ ದೀಪ ಹಚ್ಚಿದರೂ ಅದು ಎರಡನೆಯ ದಶಮಾಂಶದಲ್ಲಷ್ಟೇ ಅಲುಗುತ್ತದೆ.

ಮುಸುಕು ಹಾಕಿದ ಡೀಬಗ್ ಲಾಗನ್ನು ಇನ್ನೂ ಮೂರು ವಾರ ಚಾಲನೆಯಲ್ಲಿಟ್ಟಿದ್ದೆ. ಯಂತ್ರ ಆರಂಭವಾಗುವ ಹೊತ್ತನ್ನು ಬಿಟ್ಟರೆ ಎಫ್2 ಆದೇಶ ಒಮ್ಮೆಯೂ ಕಾಣಲಿಲ್ಲ. ಎರ್ರ್-ಕೌಂಟ್ ಮಾತ್ರ ಈ ಅವಧಿಯಲ್ಲಿ ಎರಡು ಬಾರಿ ಏರಿತು, ಎರಡೂ ಸಲ ಪಕ್ಕದ ಮೇಜಿನ ಲ್ಯಾಮಿನೇಷನ್ ಯಂತ್ರವನ್ನು ಆಗಷ್ಟೇ ಹಚ್ಚಿದ್ದರಂತೆ. ಆಟಿ ಕಳೆದು ಸೋಣ ತಿಂಗಳು ಬಂದಿದೆ, ಅಷ್ಟಮಿಯ ಕರಪತ್ರಗಳು ರಾಶಿ ಬಿದ್ದಿವೆ. ಆ ಯಂತ್ರದ ಪ್ಲಗ್ಗನ್ನು ಬೇರೆ ಬೋರ್ಡಿಗೆ ಸರಿಸಿ ನೋಡುವ ಕೆಲಸವನ್ನು ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವ ಮುಗಿದ ಮೇಲೆ ಇಟ್ಟುಕೊಳ್ಳೋಣವೆಂದು ಅಕ್ಕ ಹೇಳಿದ್ದಾರೆ.